ಐದು ಗೇಣಿನ ಕಲ್ಲುಬಾನಿ

ನಾನು ಒಂದು ಕಲ್ಲುಬಾನಿ. ನನ್ನನ್ನು ನಂಬಬಾರದು ಎಂದು ಮೊದಲು ಹೇಳಿದವನು ನನ್ನನ್ನು ಕಡೆದವನೇ.

ಇಳಕಲ್ಲಿನ ಆಚೆ, ಕೆಂಪು ಕಲ್ಲಿನ ಗಣಿಯಲ್ಲಿ ನಾನು ಹುಟ್ಟಿದೆ. ಹುಟ್ಟಿದೆ ಎನ್ನುವುದಕ್ಕಿಂತ ಗುಡ್ಡದಿಂದ ಬೇರೆಯಾದೆ ಎನ್ನಬೇಕು. ನಾಲ್ಕು ತಿಂಗಳು ಉಳಿ ಸುತ್ತಿಗೆ ಹಿಡಿದು ನನ್ನ ಹೊಟ್ಟೆ ತೋಡಿದವನು ದುರುಗಪ್ಪ. ಐದು ಮೊಳ ಉದ್ದ, ಎರಡು ಮೊಳ ಅಗಲ, ಒಳಗೆ ಎರಡು ಮೊಳ ಆಳ. ಎರಡು ಮೊಳವೆಂದರೆ ನಾಲ್ಕು ಗೇಣು. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲಸ ಮುಗಿದ ದಿನ ದುರುಗಪ್ಪ ಸುತ್ತಿಗೆಯ ಹಿಡಿಯಿಂದ ನನ್ನ ಮೈಯನ್ನೆಲ್ಲ ಮೆಲ್ಲಗೆ ತಟ್ಟುತ್ತ ಕಿವಿಗೊಟ್ಟ. ಬಲಮಗ್ಗುಲಲ್ಲಿ ಒಂದು ಕಡೆ ಬಂದ ಸದ್ದು ಅವನಿಗೆ ಹಿಡಿಸಲಿಲ್ಲ.

"ಇದರಾಗ ಎಲ್ಲ್ಯೋ ಒಂದು ಎಳಿ ಐತಿ, ಕೂದಲಿನಂಥಾ ಬಿರುಕು. ಈ ಕಲ್ಲು ನೀರು ಕುಡೀತೈತಿ," ಅಂದ.

ಬುಟ್ಟಿಗೆ ಕಲ್ಲಿನ ಚಕ್ಕೆ ತುಂಬುತ್ತಿದ್ದ ಅವನ ಹೆಂಡತಿ ತಲೆ ಎತ್ತಲೇ ಇಲ್ಲ. "ನಾಕು ತಿಂಗಳು ಕಡದು ಈಗ ಹೇಳಾಕತ್ತೀಯೇನು? ಕಲ್ಲಿಗೆಲ್ಲಿ ನೀರಡಿಕಿ? ಈ ಮನ್ಯಾಗ ಕುಡಿಯೋರು ಯಾರು ಅಂತ ನನಗ ಗೊತ್ತೈತಿ."

ದುರುಗಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ನನಗೆ ಕೇಳಿಸಬೇಕಾದದ್ದು ಕೇಳಿಸಿಯಾಗಿತ್ತು. ಒಂದು ಹನಿ ನೀರು ಹಿಡಿಯುವ ಮೊದಲೇ ನಾನು ನೀರುಕಳ್ಳ ಅನ್ನಿಸಿಕೊಂಡೆ. ಅಂದಿನಿಂದ ನನಗೆ ಎರಡು ಕೆಲಸ: ನೀರು ಹಿಡಿಯುವುದು, ಅನುಮಾನಪಡುವುದು. ಮೊದಲು ನನ್ನ ಮೇಲೆ, ಆಮೇಲೆ ಎದುರಿಗೆ ಬಂದವರ ಮೇಲೆ.

ಇನ್ನೊಂದು ಮಾತು. ನನಗೆ ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ. ಬಗ್ಗಿ ನೋಡುವವರ ಬೆನ್ನಿಗೆ ಬಿಸಿಲಿರುತ್ತದೆ, ಮುಖ ಕಪ್ಪಾಗಿರುತ್ತದೆ. ಒಳಗೆ ಬರುವುದು ಕೈ. ನಾನು ಜನರನ್ನು ಅರಿತದ್ದು ಕೈಗಳಿಂದಲೇ.

ನನ್ನನ್ನು ಮೊದಲು ಕೊಂಡದ್ದು ಇಳಕಲ್ಲಿನ ಒಂದು ಬಣ್ಣದ ಮನೆ. ಸೀರೆ ನೇಯುವವರಿಗೆ ನೂಲಿಗೆ ಬಣ್ಣ ಹಾಕಿಕೊಡುವವರು ಅವರು. ಯಜಮಾನ ಈರಬಸಪ್ಪನ ದಾಳಿಂಬೆ ಕೆಂಪು ಊರಿಗೆಲ್ಲ ಹೆಸರುವಾಸಿ. ಬಣ್ಣ ಕಲಸುವಾಗ ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ. ಹೆಂಡತಿಯ ತಮ್ಮ ಗುಟ್ಟು ಕದ್ದಾನು ಎಂದು ಹೆಂಡತಿಯನ್ನೂ ಹೊರಗೆ ಕಳಿಸುತ್ತಿದ್ದ. ಆಮೇಲೆ ನೂಲನ್ನು ಅದ್ದಿ ಅದ್ದಿ ಹಿಂಡುತ್ತಿದ್ದವಳು ಅದೇ ಹೆಂಡತಿ, ಕಾಶವ್ವ. ಮೊಳಕೈವರೆಗೆ ಕೆಂಪಾದ ಕೈ ಅವಳದು. ಮದುವೆ ಮುಂಜಿಗೆ ಹೋಗುವುದನ್ನೇ ಅವಳು ಬಿಟ್ಟಿದ್ದಳು.

"ಯಾರನ್ನ ಕಡದು ಬಂದಿ ಕಾಶವ್ವಾ?" ಎಂದು ನೆರೆಯವರು ನಗುತ್ತಿದ್ದರು.

"ಇನ್ನೂ ಕಡದಿಲ್ಲವ್ವ. ನೋಡಾಕತ್ತೀನಿ," ಅನ್ನುತ್ತಿದ್ದಳು.

ಎರಡು ಬೆರಳನ್ನು ನೀರಿಗೆ ಅದ್ದಿ ಉಜ್ಜಿದರೆ ಸಾಕು, ಯಾವುದು ಎಷ್ಟು ಬಿದ್ದಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಗಂಡ ಮರೆತು ಕಡಿಮೆ ಹಾಕಿದ ದಿನ ಅವಳೇ ಸದ್ದಿಲ್ಲದೆ ಸರಿಮಾಡುತ್ತಿದ್ದಳು. ಹದಿನೆಂಟು ವರ್ಷ ಅವಳು ಆ ಗುಟ್ಟನ್ನು ಬಲ್ಲವಳಾಗಿದ್ದಳು, ಹದಿನೆಂಟು ವರ್ಷ ಏನೂ ಅರಿಯದವಳಂತೆ ಬಾಗಿಲ ಹೊರಗೆ ನಿಂತಳು. ನಾನು ಅದನ್ನು ನೋಡಿ, ಹೆಂಗಸರು ಏನನ್ನು ಬಲ್ಲರು ಎಂಬುದಕ್ಕೂ ಏನನ್ನು ಹೇಳುತ್ತಾರೆ ಎಂಬುದಕ್ಕೂ ಸಂಬಂಧವಿಲ್ಲ ಎಂದು ತಿಳಿದುಕೊಂಡೆ. ಈ ತಿಳಿವಳಿಕೆ ಆಮೇಲೆ ನನ್ನ ನೆಮ್ಮದಿ ಕೆಡಿಸಿತು.

ಸ್ಟೀಲಿನ ಪಾತ್ರೆಗಳು ಬಂದ ಮೇಲೆ ಬಣ್ಣದ ಮನೆಗೆ ನಾನು ಬೇಡವಾದೆ. ತಳದಲ್ಲೊಂದು ಕೆಂಪು ಕಲೆ ಹೊತ್ತುಕೊಂಡು, ಲಾರಿ ಹತ್ತಿ, ಕುಷ್ಟಗಿ ಕಡೆಯ ಒಣ ಸೀಮೆಯ ಒಂದು ಹೊಲದಮನೆಗೆ ಬಂದೆ. ಅಲ್ಲಿ ಮಳೆ ಬರುತ್ತದೆ ಎಂದು ಯಾರೂ ಹೇಳುವುದಿಲ್ಲ. "ಬಂದ್ರ ಬರತೈತಿ" ಅನ್ನುತ್ತಾರೆ.

ಆ ಮನೆಯ ಯಜಮಾನಿ ಹಂಪವ್ವ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಗ ಬಾಳಪ್ಪ ಇನ್ನೂ ಸಣ್ಣವ. ನನ್ನನ್ನು ಬಾವಿಯ ಹತ್ತಿರದ ಕಟ್ಟೆಯ ಮೇಲೆ ಕೂರಿಸಿದರು. ತಳದ ತೂತಿಗೆ ಕಬ್ಬಿಣದ ನಳ ಹಾಕಿಸಿದರು, ನಳದ ಮುಂದೆ ದನಗಳ ಬಾಯಿಗೆ ಎಟಕುವಂತೆ ತಗ್ಗಾದ ಒಂದು ದೋಣಿ ಇಟ್ಟರು. ನೀರು ಕೂಡಿಟ್ಟುಕೊಳ್ಳುವುದು ನಾನು, ದನ ಕುಡಿಯುವುದು ದೋಣಿಯಲ್ಲಿ.

ಮೊದಲ ದಿನ ದನಗಳು ಕುಡಿಯಲಿಲ್ಲ. ಮೂಸಿ, ಉಸಿರುಬಿಟ್ಟು, ಹಿಂದೆ ಸರಿದವು. ಬಣ್ಣದ ವಾಸನೆ ಇನ್ನೂ ನನ್ನೊಳಗಿತ್ತು. ಹಂಪವ್ವ ಮೂರು ದಿನ ಹುಣಸೆಹಣ್ಣು, ಬೂದಿ ಹಾಕಿ ನನ್ನನ್ನು ತಿಕ್ಕಿದಳು. ನಾಲ್ಕನೆಯ ದಿನ ಎಮ್ಮೆಯನ್ನು ಎದುರಿಗೆ ನಿಲ್ಲಿಸಿಕೊಂಡು, ನನ್ನೊಳಗೆ ಕೈ ಹಾಕಿ, ಬೊಗಸೆ ತುಂಬ ನೀರು ತೆಗೆದು ತಾನೇ ಗಟಗಟ ಕುಡಿದಳು.

"ನೋಡಿದೇನs? ನಾ ಸತ್ತೆನೇನು? ಕುಡಿ!"

ಎಮ್ಮೆ ಕುಡಿಯಿತು. ಹಂಪವ್ವನ ಕೈಯನ್ನು ನಾನು ಮೊದಲು ಅರಿತದ್ದು ಅಂದು. ಉದ್ದನೆಯ ಬೆರಳುಗಳು. ಚಾಚಿದರೆ ಎಳೆದು ಕಟ್ಟಿದ ಹಗ್ಗದಂತೆ ಬಿಗಿ.

ಆ ಕೈಯೇ ಮನೆಯ ಅಳತೆಗೋಲು. ದಿನಾ ಬೆಳಿಗ್ಗೆ, ಸಂಜೆ ಹಂಪವ್ವ ನನ್ನ ಅಂಚಿಗೆ ಹೆಬ್ಬೆರಳು ಊರಿ, ಒಳಗೋಡೆಯ ಮೇಲೆ ಕಿರುಬೆರಳನ್ನು ಕೆಳಕ್ಕೆ ಚಾಚಿ, ನೀರು ಮುಟ್ಟುವವರೆಗೆ ಗೇಣು ಹಾಕುತ್ತಿದ್ದಳು. ಎಷ್ಟು ಗೇಣು ಖಾಲಿ ಎಂಬುದೇ ಲೆಕ್ಕ. ಒಂದು ಗೇಣು ಖಾಲಿ ಇದ್ದರೆ ಎತ್ತುಗಳ ಮೈ ತೊಳೆಯಬಹುದು. ಎರಡಾದರೆ ಕುಡಿಯಲು ಮಾತ್ರ. ಮೂರಾದರೆ ಕರು ಹಾಕಿದ ಹಸುವಿಗೆ, ಉಳುವ ಎತ್ತಿಗೆ ಮೊದಲು. ಬೇರೆಯವರ ದನಕ್ಕೆ ಇಲ್ಲವೇ ಇಲ್ಲ. ಬಾವಿ ಬತ್ತಿ ಬೋರು ಕೊರೆಸಿದ ಮೇಲೂ ಈ ಲೆಕ್ಕ ತಪ್ಪಲಿಲ್ಲ. ಕರೆಂಟು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಬೋರು ಅರ್ಧ ತಾಸು ನೀರು ಉಗುಳಿ ಬರೀ ಗಾಳಿ ಊದುತ್ತಿತ್ತು. ಆ ನೀರೆಲ್ಲ ನನ್ನೊಳಗೇ ಬಂದು ನಿಲ್ಲಬೇಕು.

ನಳ ತಿರುಗಿಸಲು ಕಳಚಿ ಇಡುವಂಥ ಒಂದು ಕಬ್ಬಿಣದ ಚಾವಿ ಇತ್ತು. ಅದು ಹಂಪವ್ವನ ಸೊಂಟದ ಎಲೆಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆ ಇರುತ್ತಿತ್ತು. ಚಾವಿ ಯಾರ ಸೊಂಟದಲ್ಲಿದೆಯೋ ಮನೆ ಅವರ ಮಾತಿನಲ್ಲಿ ನಡೆಯುತ್ತಿತ್ತು.

ಬಾಳಪ್ಪನ ಮದುವೆಯಾಗಿ ಶರಣವ್ವ ಬಂದಳು. ಬಂದ ಮೂರನೆಯ ದಿನ ಹಂಪವ್ವ ಸೊಸೆಯನ್ನು ನನ್ನ ಹತ್ತಿರ ಕರೆತಂದು, "ಕೈ ಇಡು," ಅಂದಳು. ಶರಣವ್ವ ಅಂಚಿನ ಮೇಲೆ ಕೈ ಇಟ್ಟಳು. ಅತ್ತೆ ಅದರ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಹೆಬ್ಬೆರಳಿನಿಂದ ಕಿರುಬೆರಳಿಗೆ ಎರಡೂ ಒಂದೇ ಉದ್ದ, ಕೂದಲೆಳೆಯ ವ್ಯತ್ಯಾಸವಿಲ್ಲ.

ಹಂಪವ್ವ ನಕ್ಕಳು. "ಜಾತಕ ಕೂಡಿದ್ದಕ್ಕಿಂತ ಇದು ಚಲೋ ಆತು ನೋಡು. ಇನ್ಮ್ಯಾಲ ನೀ ಅಳದ್ರೂ ಒಂದs, ನಾ ಅಳದ್ರೂ ಒಂದs."

ಹನ್ನೊಂದು ವರ್ಷ ಹಾಗೇ ನಡೆಯಿತು. ಚಾವಿ ಮಾತ್ರ ಎಲೆಚೀಲ ಬಿಟ್ಟು ಕದಲಲಿಲ್ಲ. ಶರಣವ್ವ ಅಳೆದು ಹೇಳುತ್ತಿದ್ದಳು, ಹಂಪವ್ವ ಚಾವಿ ತೆಗೆದುಕೊಡುತ್ತಿದ್ದಳು, ನೀರು ಬಿಟ್ಟಾದ ಮೇಲೆ ಕೈಚಾಚಿ ವಾಪಸ್ಸು ಪಡೆಯುತ್ತಿದ್ದಳು.

ಆಮೇಲೊಂದು ಮಳೆಗಾಲದಲ್ಲಿ ಚಿಕುನ್‌ಗುನ್ಯಾ ಜ್ವರ ಊರಿಗೆ ಊರನ್ನೇ ಮಲಗಿಸಿತು. ಹಂಪವ್ವ ಏಳೆಂಟು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಕೀಲುಕೀಲಿನಲ್ಲಿ ನೋವು. ಆಗ ಮೊದಲ ಸಲ ಚಾವಿ ಸೊಸೆಯ ಕೈಗೆ ಬಂತು. ಶರಣವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಬೆಳಿಗ್ಗೆ ನನ್ನ ಅಂಚಿಗೆ ಬಗ್ಗಿದಾಗ ಆ ಗಂಟು ಕಲ್ಲಿಗೆ ತಾಗಿ ಟಕ್ ಅನ್ನುತ್ತಿತ್ತು. ಸದ್ದು ಕೇಳಲೆಂದೇ ಅವಳು ಒಂದೆರಡು ಸಲ ಹೆಚ್ಚಿಗೆ ಬಗ್ಗುತ್ತಿದ್ದಳು ಎಂದು ನನ್ನ ಅನುಮಾನ. ಮೂವತ್ತು ದಾಟಿದ ಹೆಂಗಸು, ಈ ಮನೆಯಲ್ಲಿ ಇಂದು ಏನು ನಡೆಯಬೇಕೆಂದು ಮೊದಲ ಸಲ ತಾನೇ ತೀರ್ಮಾನಿಸುತ್ತಿದ್ದಳು.

ಬೇಸಿಗೆ ಬಂತು. ಕುರಿಗಾಹಿ ಮಾಳವ್ವ ಬಂದಳು. ಅವಳ ಗಂಡ ದೊಡ್ಡ ಹಿಂಡನ್ನು ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ. ಮರಿ ಹಾಕಿದ ನಲವತ್ತು ಕುರಿಗಳು ಅಷ್ಟು ದೂರ ನಡೆಯಲಾರವು. ಅವನ್ನು ಇಪ್ಪತ್ತು ದಿನ ಬಾಳಪ್ಪನ ಹೊಲದಲ್ಲಿ ತರುಬಿ ನಿಲ್ಲಿಸುವುದೆಂದು ಶರಣವ್ವ ಮಾತು ಕೊಟ್ಟಳು. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ. ಬದಲಿಗೆ ಮಾಳವ್ವನಿಗೆ ಜೋಳ, ಕುರಿಗಳಿಗೆ ದಿನಕ್ಕೆ ಎರಡು ದೋಣಿ ನೀರು. ಚಾವಿ ಕೈಗೆ ಬಂದ ಮೇಲೆ ಶರಣವ್ವ ಕೊಟ್ಟ ಮೊದಲ ದೊಡ್ಡ ಮಾತು ಅದು. ಇಬ್ಬರು ಹೆಂಗಸರಿಗೂ ಬೇಗ ಸಲಿಗೆಯಾಯಿತು. ಮಧ್ಯಾಹ್ನ ನನ್ನ ನೆರಳಿಗೆ ಒರಗಿ ಕೂತು, ಮರಿಗಳ ಕಿವಿಯಿಂದ ಉಣ್ಣೆ ಹುಳ ಕೀಳುತ್ತ, ಗಂಡಂದಿರನ್ನು ಬೈದುಕೊಂಡು ನಗುತ್ತಿದ್ದರು.

ಆಗಲೇ ಹಂಪವ್ವ ಹಾಸಿಗೆ ಬಿಟ್ಟೆದ್ದಳು. ಕೋಲೂರಿಕೊಂಡು ಒಂದು ಬೆಳಿಗ್ಗೆ ಕಟ್ಟೆ ಹತ್ತಿ ಬಂದು, ನನ್ನೊಳಗೆ ಕೈ ಇಳಿಸಿ ಗೇಣು ಹಾಕಿದಳು.

"ಶರಣಾ, ನಿನ್ನೆ ಸಂಜಿಕ ಎಷ್ಟಿತ್ತು?"

"ಎರಡು ಗೇಣು, ಅತ್ತಿ."

"ಈಗ ಎರಡೂವರಿ ಐತಿ."

"ಅದ್ಹೆಂಗಾಗತೈತ್ರಿ? ರಾತ್ರಿ ಯಾ ದನಾನೂ ಕುಡದಿಲ್ಲ."

"ನಾನೂ ಅದನ್ನs ಕೇಳಾಕತ್ತೀನಿ."

ಅರ್ಧ ಗೇಣು. ನನ್ನಂಥ ಬಾನಿಯಲ್ಲಿ ಅರ್ಧ ಗೇಣು ನೀರೆಂದರೆ ಮೂರು ದನ ಒಂದು ದಿನ ಕುಡಿಯುವಷ್ಟು. ಅಂದಿನಿಂದ ಬೆಳಗಿನ ಗೇಣು ಮತ್ತೆ ಅತ್ತೆಯದಾಯಿತು, ಸಂಜೆಯದು ಸೊಸೆಯದು.

ಮೊದಲ ಅನುಮಾನ ನನ್ನ ಮೇಲೆ ಬಿತ್ತು. ನಾನೇ ಮೊದಲು ಪಟ್ಟೆ ಅನ್ನಿ. ದುರುಗಪ್ಪನ ಮಾತು ನಿಜವಾಯಿತು, ಬಲಮಗ್ಗುಲಿನ ಎಳೆ ಕೊನೆಗೂ ಬಾಯಿಬಿಟ್ಟಿತು ಎಂದು ಮೈಯೆಲ್ಲ ತಣ್ಣಗಾಯಿತು. ಬಾಳಪ್ಪ ನನ್ನ ಸುತ್ತ ಒಣಬೂದಿ ಚೆಲ್ಲಿದ. ಬೆಳಿಗ್ಗೆ ಬೂದಿ ಒಣಗಿಯೇ ಇತ್ತು. ನಳದ ಕೆಳಗೆ ತಂಬಿಗೆ ಇಟ್ಟ. ತಂಬಿಗೆಯೂ ಒಣ. ಆದರೂ ಇರಲಿ ಎಂದು ಬಲಮಗ್ಗುಲಿಗೆ ಸಿಮೆಂಟು ಬಳಿದ. ಮಾಡದ ತಪ್ಪಿಗೆ ಮುಖಕ್ಕೆ ಮಸಿ ಬಳಿಸಿಕೊಂಡವರಂತೆ ನಾನು ನಿಂತಿದ್ದೆ. ಮರುದಿನ ಮತ್ತೆ ಸಂಜೆ ಎರಡು ಗೇಣು, ಬೆಳಿಗ್ಗೆ ಎರಡೂವರೆ.

ನಾನಲ್ಲವೆಂದಾದ ಮೇಲೆ ನನಗೆ ಬಂದ ಧೈರ್ಯ ನೋಡಬೇಕಿತ್ತು! ಎಲ್ಲರ ಮೇಲೂ ಅನುಮಾನಪಟ್ಟೆ. ನಾಯಿಯ ಮೇಲೆ, ಕಾಗೆಗಳ ಮೇಲೆ, ಬಾಳಪ್ಪನ ಸೈಕಲ್ಲಿಗೆ ತೂಗುಹಾಕಿದ ಕ್ಯಾನಿನ ಮೇಲೆ. ರಾತ್ರಿಯೆಲ್ಲ ಯಾವ ಕೈಯೂ ನನ್ನೊಳಗೆ ಇಳಿದದ್ದು ನನಗೆ ತಿಳಿದಿಲ್ಲ. ಆದರೂ, ನನಗೇ ತಿಳಿಯದಂತೆ ಯಾರೋ ಇಳಿಸಿರಬೇಕು ಅಂದುಕೊಂಡೆ. ಅನುಮಾನಕ್ಕೆ ಒಮ್ಮೆ ರುಚಿ ಹತ್ತಿದರೆ ಕಂಡದ್ದನ್ನೂ ನಂಬಲು ಬಿಡುವುದಿಲ್ಲ.

ಹಂಪವ್ವ ನನಗಿಂತ ಜಾಣೆ. ಬಾನಿ ತುಂಬಿದ ದಿನ ನೀರು ಅಷ್ಟಾಗಿ ಹೋಗುವುದಿಲ್ಲ, ಇಳಿದ ದಿನ ಜಾಸ್ತಿ ಹೋಗುತ್ತದೆ ಎಂಬುದನ್ನು ಅವಳೇ ಗುರುತಿಸಿದಳು.

"ಬಾಳೂ, ತುಂಬಿದ ದಿನ ಕಳ್ಳ ಬರಂಗಿಲ್ಲ, ನೋಡಿದಿ? ನೀರು ಕಡಿಮಿ ಆದಾಗs ಬರತಾನ. ನಮ್ಮ ಮನೀದು ಒಳಗಿನ ಸುದ್ದಿ ಗೊತ್ತಿದ್ದಾರs ಯಾರೋ."

"ಅವ್ವಾ, ಬಿಸಿಲಿಗೆ ಆರಿರಬೇಕು, ಬಿಡು."

"ಬಿಸಿಲು ರಾತ್ರಿ ಬರತೈತೇನೋ, ಶಾಣ್ಯಾ?"

ಒಳಗಿನ ಸುದ್ದಿ ಗೊತ್ತಿದ್ದವರು ಎಂದರೆ ಮಾಳವ್ವ, ಇಲ್ಲವೆ ಚಾವಿ ಇದ್ದವಳು. ಹಂಪವ್ವ ಹೆಸರು ಹೇಳಲಿಲ್ಲ. ಹೇಳದೆಯೇ ಅದು ಕಟ್ಟೆಯ ಮೇಲೆಲ್ಲ ಹರಡಿತು.

ಶರಣವ್ವ ಸಂಜೆಗೆ ಮೂರು ಮೂರು ಸಲ ಅಳೆಯತೊಡಗಿದಳು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನನ್ನ ಅಂಚಿಗೆ ಹಣೆ ಹಚ್ಚಿ ನಿಂತುಕೊಂಡಳು. ಮಾಳವ್ವ ತನಗೆ ಮೋಸ ಮಾಡುತ್ತಿರಬಹುದೇ ಎಂದು ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಗಿತ್ತು. ಆ ಯೋಚನೆಯನ್ನು ಬಿಡಲೂ ಆಗುತ್ತಿರಲಿಲ್ಲ. ಕುರಿಗಳು ದೋಣಿಗೆ ಬಂದಾಗ ದೂರ ನಿಂತು ನೋಡತೊಡಗಿದಳು. ಮಾಳವ್ವನಿಗೆ ಅದು ತಿಳಿಯದೆ ಇರುತ್ತದೆಯೇ?

"ಏನ್ ತಂಗಿ, ನನ್ನ ಕುರಿ ಎಣಿಸಾಕತ್ತೀಯೋ, ಅವು ಕುಡಿಯೋ ಗುಟುಕು ಎಣಿಸಾಕತ್ತೀಯೋ?"

ಶರಣವ್ವ ಮುಖ ತಿರುಗಿಸಿ ಮನೆಯೊಳಗೆ ಹೋದಳು. ಮರುದಿನದಿಂದ ಇಬ್ಬರೂ ನನ್ನ ನೆರಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಬಂದರು.

ಹನ್ನೆರಡನೆಯ ದಿನ, ಬಿಸಿಲು ನೆತ್ತಿಗೆ ಬಂದಾಗ, ಹಂಪವ್ವ ಎಲ್ಲರನ್ನೂ ಕಟ್ಟೆಗೆ ಕರೆಸಿದಳು. ಕುರಿಗಳು ಆಗಷ್ಟೆ ದೋಣಿಗೆ ಬಂದು ಬಾಯಿ ಇಟ್ಟಿದ್ದವು. ದೋಣಿ ಒಣಗಿತ್ತು.

"ಚಾವಿ ಕೊಡು, ಶರಣಾ."

ಶರಣವ್ವ ಸೆರಗಿನ ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು. ಹಂಪವ್ವ ಚಾವಿಯನ್ನು ಎಲೆಚೀಲಕ್ಕೆ ಹಾಕಿ ಮಾಳವ್ವನ ಕಡೆ ತಿರುಗಿದಳು.

"ನಾಳಿಗೆ ಕುರಿ ಎಬ್ಬಿಸ್ಕೊಂಡು ಹೋಗು."

"ಮಾತು ಇಪ್ಪತ್ತು ದಿನದ್ದಿತ್ತು, ಅವ್ವಾರ. ಮರಿ ಇನ್ನೂ ಎಂಟು ದಿನ ಕಳದ್ರ ನಡೀತಾವು. ಈಗ ಎಬ್ಬಿಸಿದ್ರ ಹೊಳಿ ಮುಟ್ಟೂದರಾಗ ಅರ್ಧ ಉಳಿಯಂಗಿಲ್ಲ."

"ನನ್ನ ಬಾನ್ಯಾಗಿನ ನೀರೂ ಉಳದಿಲ್ಲ."

ಮಾಳವ್ವನ ದನಿ ಏರಿತು. "ನನ್ನ ಕುರಿಗಳಿಗೆ ಬಾಯಿ ಐತ್ರಿ, ಕೈ ಇಲ್ಲ. ನಳ ತಿರುವಾಕ ಬರಂಗಿಲ್ಲ ಅವಕ್ಕ. ಯಾರು ತಿರುವ್ಯಾರ ಅಂತ ನಿಮ್ಮ ಮನ್ಯಾಗ ಕೇಳ್ರಿ."

ಎಲ್ಲರೂ ಶರಣವ್ವನನ್ನು ನೋಡಿದರು. ಬಾಳಪ್ಪನೂ ನೋಡಿದ. ಗಂಡ ತನ್ನ ಕಡೆ ತಿರುಗಿದ್ದು ಶರಣವ್ವನಿಗೆ ತಾಕಿತು. ಅವಳ ಕೈ ನನ್ನ ಅಂಚನ್ನು ಹಿಡಿದ ಬಿಗಿಯಲ್ಲೇ ಅದು ನನಗೆ ಗೊತ್ತಾಯಿತು.

"ಅತ್ತಿ," ಅಂದಳು. "ಈಗ ನಿಮ್ಮ ಕಣ್ಣ ಮುಂದ ಅಳೀತೀನಿ. ನಾನು ಅಳದ ಕೂಡಲೆ ನೀವೂ ಅಳೀರಿ."

ಅವಳು ಕೈ ಇಳಿಸಿದಳು. ಒಂದು, ಎರಡು. ಬೆರಳ ತುದಿ ನೀರು ಮುಟ್ಟಿತು. ಕೈ ಮುಳುಗಿಸಿ ತೆಗೆದು ಅಂಚಿನ ಮೇಲೆ ಊರಿದಳು. "ಎರಡು."

ಹಂಪವ್ವ ಕೈ ಇಳಿಸಿದಳು. ಒಂದು, ಎರಡು, ಮೇಲೆ ಅರ್ಧ. ಅವಳೂ ಒದ್ದೆ ಕೈಯನ್ನು ಸೊಸೆಯ ಕೈಯ ಪಕ್ಕಕ್ಕೆ ಊರಿ, "ಎರಡೂವರಿ," ಅಂದಳು. "ನಿಂತ ನಿಲುವಿನಾಗ ಹೋತೇನು ನೀರು? ನೋಡೋ ಬಾಳೂ, ನಿನ್ನ ಹೆಂಡ್ತಿ ಬಾಯಾಗ ಖರೆ ಬರಂಗಿಲ್ಲ."

ಇಬ್ಬರೂ ಕೈ ಎತ್ತಿದರು. ಕಾದ ಕಲ್ಲಿನ ಮೇಲೆ ಎರಡು ಒದ್ದೆ ಗುರುತು ಉಳಿದವು. ಹನ್ನೊಂದು ವರ್ಷದ ಹಿಂದೆ ಎರಡು ಕೈ ಅಕ್ಕಪಕ್ಕ ಇದ್ದ ಜಾಗ ಅದೇ. ಒಂದು ಗುರುತಿನಲ್ಲಿ ಐದು ಬೆರಳೂ ನೀಟಾಗಿ ಚಾಚಿದ್ದವು. ಇನ್ನೊಂದರಲ್ಲಿ ಕಿರುಬೆರಳ ಜಾಗದಲ್ಲಿ ಹುಣಸೆಬೀಜದಷ್ಟು ಒಂದು ಚುಕ್ಕೆ. ಜ್ವರ ಹಂಪವ್ವನ ಕಾಲು ಬಿಟ್ಟಿತ್ತು, ಸೊಂಟ ಬಿಟ್ಟಿತ್ತು, ಆ ಬೆರಳನ್ನು ಬಿಟ್ಟಿರಲಿಲ್ಲ. ಅದು ಒಳಕ್ಕೆ ಮಡಚಿಕೊಂಡದ್ದು ಹಾಗೇ ಉಳಿದಿತ್ತು. ಅವಳ ಗೇಣು ಚಿಕ್ಕದಾಗಿತ್ತು. ಅಷ್ಟೇ. ನೀರು ಎಲ್ಲಿಗೂ ಹೋಗಿರಲಿಲ್ಲ.

ನಾಯಿ, ಕಾಗೆ, ಕ್ಯಾನು ಎಲ್ಲವನ್ನೂ ಶೋಧಿಸಿದ ನಾನು, ದಿನಾ ನನ್ನ ಒಳಗೋಡೆಯನ್ನು ಮುಟ್ಟುತ್ತಿದ್ದ ಆ ಕೈಯನ್ನು ಮಾತ್ರ ನೋಡಿರಲಿಲ್ಲ. ಮೊದಲ ದಿನ ನನ್ನೊಳಗಿಂದ ನೀರು ತೆಗೆದು ಕುಡಿದ ಕೈ ಅದು. ಅದರ ಮೇಲೆ ಅನುಮಾನಪಡಲು ನನಗೂ ಮನಸ್ಸಿರಲಿಲ್ಲವೇನೋ.

ಬಿಸಿಲಿಗೆ ಗುರುತುಗಳು ಆರುತ್ತಿದ್ದವು. ಶರಣವ್ವ ಅವನ್ನು ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು.

ಒಂದು ಮಾತು ಹೇಳಿದರೆ ಸಾಕಿತ್ತು. "ಅತ್ತಿ, ನಿಮ್ಮ ಬೆರಳು ನೋಡ್ರಿ." ತಾನು ಕಳ್ಳಿಯಲ್ಲ ಎಂದಾಗುತ್ತಿತ್ತು, ಚಾವಿ ಅವಳಿಗೇ ಬರುತ್ತಿತ್ತು. ಆದರೆ ಮಗನ ಮುಂದೆ, ಕುರಿಗಾಹಿಯ ಮುಂದೆ, ಇಪ್ಪತ್ತೈದು ವರ್ಷ ಒಂದು ಮನೆಯ ದನಕರುಗಳನ್ನು ಉಳಿಸಿದ ಆ ಗೇಣು ಅಲ್ಲೇ ಸತ್ತುಹೋಗುತ್ತಿತ್ತು. ಸುಮ್ಮನಿದ್ದರೆ ಮಾಳವ್ವನ ಮರಿಗಳು ಸಾಯುತ್ತಿದ್ದವು. ಶರಣವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ತಡೀರಿ ಅತ್ತಿ. ನಾನು ಕೈ ಜಾಸ್ತಿ ಎಳದೆ ಅನಸತೈತಿ. ಇನ್ನೊಮ್ಮೆ ಅಳೀತೀನಿ."

ಅತ್ತೆಗೂ ಗಂಡನಿಗೂ ಬೆನ್ನು ಮಾಡಿ ಬಗ್ಗಿ ಮತ್ತೆ ಕೈ ಇಳಿಸಿದಳು. ಈ ಸಲ ಅವಳು ಕಿರುಬೆರಳನ್ನು ಒಳಕ್ಕೆ ಮಡಚಿಕೊಂಡಳು. ಒಂದು, ಎರಡು, ಅರ್ಧ.

"ಎರಡೂವರಿ ಐತ್ರಿ. ನಿಮ್ಮದs ಖರೆ. ದಿನಾ ಸಂಜಿಕ ನಾನs ತಪ್ಪು ಅಳೀತಿದ್ದೆ. ನೀರು ಯಾರೂ ಒಯ್ದಿಲ್ಲ."

ಒಂದು ಕುರಿ ದೋಣಿಯ ತಳವನ್ನು ನೆಕ್ಕುತ್ತಿತ್ತು. ಬಾಳಪ್ಪ ಜೋರಾಗಿ ಉಸಿರು ಬಿಟ್ಟು, "ಇಷ್ಟs ಏನು? ಹನ್ನೊಂದು ವರ್ಷಾತು, ಇನ್ನೂ ಗೇಣು ಹಾಕಾಕ ಬರಂಗಿಲ್ಲಲ್ಲ ನಿನಗ," ಎಂದು ನಕ್ಕ. ಅವನಿಗೆ ಹಗುರಾಗಿತ್ತು. ಶರಣವ್ವ ನಗಲಿಲ್ಲ.

ಹಂಪವ್ವ ಸೊಸೆಯ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಚಾವಿ ತೆಗೆದು ತಾನೇ ನಳ ತಿರುಗಿಸಿದಳು. ನೀರು ದೋಣಿಗೆ ಬಿತ್ತು. "ಕುಡಿಸು ಮಾಳವ್ವಾ," ಎಂದಷ್ಟೇ ಹೇಳಿ ಕೋಲೂರಿಕೊಂಡು ಹೊರಟುಹೋದಳು. ಚಾವಿ ಎಲೆಚೀಲದಲ್ಲೇ ಹೋಯಿತು.

ಇಪ್ಪತ್ತನೆಯ ದಿನ ಮಾಳವ್ವ ಹೊರಟಾಗ ಮರಿಗಳು ತಾಯಿಯ ಹಿಂದೆ ಕುಣಿಯುತ್ತಿದ್ದವು. ಅವಳು ಶರಣವ್ವನ ಹತ್ತಿರ ಬಂದು ದನಿ ತಗ್ಗಿಸಿದಳು. ಜಗಳದ ದಿನ ಅವಳು ನಿಂತದ್ದು ನನ್ನ ಆಚೆ ಬದಿಗೆ.

"ತಂಗಿ, ನೀ ಬೆರಳು ಮಡಚಿದ್ದು ನಾ ನೋಡೀನಿ."

"ನೋಡಿದ್ರ ಹೊಟ್ಟ್ಯಾಗ ಇಟ್ಕೊ, ಯಕ್ಕಾ."

"ಇಟ್ಕೊಂತೀನಿ. ನಲವತ್ತು ಕುರಿ ಕಾಯಾಕಿ, ಒಂದು ಮಾತು ಕಾಯಾಕ ಬರಂಗಿಲ್ಲೇನು?"

ಅದಾಗಿ ಸ್ವಲ್ಪ ದಿನಕ್ಕೆ, ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಹಾಕಿಕೊಡುವ ಹೆಂಗಸೊಬ್ಬಳು ಊರೂರು ತಿರುಗುತ್ತ ಬಂದಳು. ಹಂಪವ್ವ ನನ್ನನ್ನು ಬರಿದುಮಾಡಿಸಿ ಅವಳನ್ನು ನನ್ನ ಹತ್ತಿರ ಕರೆತಂದಳು.

"ಇದರೊಳಗ ಗೇಣಿಗೊಂದು ಗೆರಿ ಹೊಡದು ಕೊಡು. ಇನ್ನ ಯಾರೂ ಕೈ ಹಾಕಿ ಅಳಿಯೋದು ಬ್ಯಾಡ."

ಹೆಂಗಸು ಉಳಿ ತೆಗೆದಳು. "ಯಾರ ಗೇಣಿಂದ ಹೊಡೀಲ್ರಿ?"

ಹಂಪವ್ವ ಸೊಸೆಯ ಕಡೆ ನೋಡಿದಳು. ಸೊಸೆ ನನ್ನ ಕಡೆ ನೋಡುತ್ತ, "ಅತ್ತೀದು," ಅಂದಳು.

ಹಂಪವ್ವ ಬಲಗೈ ಇಟ್ಟಳು. ಒಂದು. ಉಳಿ ಬಿತ್ತು. ಎರಡು. ಮೂರು. ನಾಲ್ಕು. ತಳ ಇನ್ನೂ ಸಿಕ್ಕಿರಲಿಲ್ಲ. ಇಪ್ಪತ್ತೈದು ವರ್ಷ ನಾಲ್ಕೇ ಗೇಣು ಇದ್ದ ಬಾನಿ. ಅವಳು ಒಂದು ಕ್ಷಣ ತಡೆದಳು. ಆಮೇಲೆ ಐದನೆಯ ಗೇಣು ಹಾಕಿದಳು. ಕೈ ತಳದ ಕೆಂಪು ಕಲೆಯನ್ನು ಮುಟ್ಟಿತು.

"ಐದು," ಅಂದಳು, ಯಾರ ಮುಖವನ್ನೂ ನೋಡದೆ. ಉಳಿ ಹೊಡೆದು ಮುಗಿದ ಮೇಲೆ ಅವಳು ಎಲೆಚೀಲ ಬಿಚ್ಚಿ ಚಾವಿಯನ್ನು ನನ್ನ ಅಂಚಿನ ಮೇಲಿಟ್ಟು, ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ ನೆರಳಿಗೆ ಹೋಗಿ ಕೂತಳು. ಮತ್ತೆ ಆ ಚಾವಿಯನ್ನು ಅವಳು ಕೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಕತೆ. ಆದರೆ ನನ್ನಲ್ಲಿ ಇನ್ನೊಂದು ಸಂಗತಿ ಉಳಿದಿದೆ. ಆ ಜಗಳಕ್ಕೆ ಮೂರು ದಿನ ಮೊದಲು, ಒಂದು ಬೆಳಿಗ್ಗೆ, ಹಂಪವ್ವ ಒಬ್ಬಳೇ ಬಂದು ಬಲಗೈಯಿಂದ ಅಳೆದಳು. ಎರಡೂವರೆ. ಆಮೇಲೆ ಸುತ್ತ ನೋಡಿ ಎಡಗೈ ಇಳಿಸಿದಳು. ಎಡಗೈಯ ಬೆರಳುಗಳು ಹಳೆಯ ಹಗ್ಗದಂತೆ ಬಿಗಿಯಾಗೇ ಇದ್ದವು. ಒಂದು ಗೇಣು ಹಾಕಿದಳು. ಎರಡನೆಯದು ನೀರು ಮುಟ್ಟುವ ಮೊದಲೇ, ಬಿಸಿ ತಾಗಿದವರಂತೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೂ ಮಾಳವ್ವನನ್ನು ಓಡಿಸಲು, ಸೊಸೆಯನ್ನು ಕಳ್ಳಿ ಮಾಡಲು ಹೊರಟಳೇ? ಕೈಗೆ ಮುಪ್ಪು ಬಂತು ಎನ್ನುವುದಕ್ಕಿಂತ ಮನೆಗೆ ಕಳ್ಳ ಬಂದ ಎನ್ನುವುದು ಅವಳಿಗೆ ಸುಲಭವಾಯಿತೇ? ಅಥವಾ ಎಡಗೈಯನ್ನು ಹಿಂದಕ್ಕೆಳೆದುಕೊಂಡದ್ದು ಗೊತ್ತಾಗಬಾರದೆಂದೇ ಇರಬಹುದು. ಕಾಶವ್ವ ಬಾಗಿಲ ಹೊರಗೆ ಹದಿನೆಂಟು ವರ್ಷ ನಿಂತದ್ದು ನನಗೆ ಆಗಾಗ ನೆನಪಾಗುತ್ತದೆ. ಹಂಪವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ಈ ಅನುಮಾನ ಮಾತ್ರ ತಳದ ಬಣ್ಣದ ಕಲೆಯ ಹಾಗೆ ಹೋಗಲೊಲ್ಲದು. ಎಷ್ಟು ತಿಕ್ಕಿದರೂ.

ಈಗ ಹೊಲದಮನೆಗೆ ಪೈಪಿನಲ್ಲಿ ನೀರು ಬರುತ್ತದೆ. ಕಂಬಗಳ ಮೇಲೆ ಕರಿ ಪ್ಲಾಸ್ಟಿಕ್ ಟಾಕಿ ಕೂತಿದೆ. ನನ್ನ ನಳ ಕಿತ್ತು ತೂತಿಗೆ ಸಿಮೆಂಟು ಮೆತ್ತಿದ್ದಾರೆ. ಟಾಕಿ ಕೂರಿಸಲು ಬಂದವನು ನನ್ನೊಳಗೆ ಬಗ್ಗಿ, ಟೇಪು ಹಿಡಿದು ನೋಡಿ, ತಲೆ ಕೆರೆದುಕೊಂಡ.

"ಯವ್ವಾ, ಇವೇನು ಗೆರಿ? ಇಂಚಿಗೂ ಕೂಡಂಗಿಲ್ಲ, ಗೇಣಿಗೂ ಕೂಡಂಗಿಲ್ಲ. ಯಾರ ಅಳತಿ ಇದು?"

"ನಮ್ಮತ್ತೀದು," ಅಂದಳು ಶರಣವ್ವ.

"ತಪ್ಪೈತಿ ಬಿಡ್ರಿ."

"ಐತಿ. ನಿನ್ನ ಕೆಲಸ ನೀ ಮಾಡು."

ನಾನೀಗ ಮಳೆ ಬಂದರೆ ನೀರು ಹಿಡಿಯುತ್ತೇನೆ. ಇಲ್ಲದಿದ್ದರೆ ಕೋಳಿಗಳು ನೆರಳಿಗೆ ಒಳಗಿಳಿಯುತ್ತವೆ. ಬಲಮಗ್ಗುಲಿನ ಎಳೆ ಇಂದಿಗೂ ಬಾಯಿಬಿಟ್ಟಿಲ್ಲ. ಬಿಟ್ಟರೂ ಯಾರೂ ಅಳೆಯುವವರಿಲ್ಲ.

ಶರಣವ್ವನ ಕೂದಲು ನೆರೆತಿದೆ. ಕೆಲವು ಮಧ್ಯಾಹ್ನ ಅವಳು ಬಂದು ನನ್ನ ಅಂಚಿನ ಮೇಲೆ ಕೂರುತ್ತಾಳೆ. ನೀರಿಲ್ಲದ ಹೊಟ್ಟೆಯೊಳಗೆ ಕೈ ಇಳಿಸಿ, ಹೆಬ್ಬೆರಳನ್ನು ಅಂಚಿಗೆ ಊರಿ, ಗೇಣು ಹಾಕುತ್ತಾಳೆ. ಮೊದಲೆಲ್ಲ ಅವಳ ಬೆರಳು ಗೆರೆಯನ್ನು ದಾಟಿ ಎರಡು ಬೆರಳಗಲ ಕೆಳಗೆ ಹೋಗುತ್ತಿತ್ತು. ಈ ಬೇಸಿಗೆಯಲ್ಲಿ ಅದು ಸರಿಯಾಗಿ ಗೆರೆಯ ಮೇಲೇ ಬಂದು ನಿಲ್ಲುತ್ತಿದೆ. ಅತ್ತೆಯ ನೆನಪಿಗೆ ಅವಳು ಕಿರುಬೆರಳನ್ನು ಮಡಚುತ್ತಾಳೋ, ಅಥವಾ ಈಗ ಅದು ತಾನಾಗಿಯೇ ಮಡಚಿಕೊಂಡಿದೆಯೋ, ನಾನು ಎಷ್ಟು ನೋಡಿದರೂ ತಿಳಿಯುತ್ತಿಲ್ಲ. ಅವಳೂ ಹೇಳುವುದಿಲ್ಲ.